ಗೌರಿ ಹೂವಿನ ಗೆಡ್ಡೆ ಮಾರುವವರು ವಿಷದ ಮಾತನ್ನೂ ಹೇಳಲಿ

ಸಂಪಾದಕರೇ,

ಮಳೆಗಾಲಕ್ಕೆ ಮುಂಚೆ ನರ್ಸರಿಗಳಲ್ಲಿ, ಆನ್‌ಲೈನ್‌ನಲ್ಲಿ ಗೌರಿ ಹೂವಿನ ಗೆಡ್ಡೆ ಮಾರಾಟಕ್ಕೆ ಬರುತ್ತದೆ. ಅಗ್ನಿಶಿಖೆ ಅಂತಲೂ ಕರೆಯುತ್ತಾರೆ. ನಮ್ಮ ಮಲೆನಾಡಿನ ಬೇಲಿಗಳಲ್ಲಿ ತಾನಾಗಿ ಹಬ್ಬಿ, ಗೌರಿ ಹಬ್ಬದ ಹೊತ್ತಿಗೆ ಹೂ ಬಿಡುವ ಬಳ್ಳಿ. ಮನೆಯಲ್ಲಿ ಬೆಳೆಸಿದರೆ ಒಳ್ಳೆಯದೇ, ಬೇಲಿಯಿಂದ ಗೆಡ್ಡೆ ಸಮೇತ ಕಿತ್ತು ತರುವುದಕ್ಕಿಂತ ಎಷ್ಟೋ ವಾಸಿ. ಆದರೆ ನಾನು ಕೊಂಡ ಪೊಟ್ಟಣದ ಮೇಲೆ ವಿಷ ಅನ್ನುವ ಒಂದಕ್ಷರವೂ ಇರಲಿಲ್ಲ. ಕೇಳಿದರೆ, "ಔಷಧಿ ಗಿಡ ಸರ್, ಏನೂ ಆಗಲ್ಲ" ಅಂದರು.

ಔಷಧಿ ಹೌದು. ಗೌಟ್ ಎಂಬ ಕೀಲುನೋವಿಗೆ ಕೊಡುವ ಕಾಲ್ಚಿಸಿನ್ ಅನ್ನುವ ರಾಸಾಯನಿಕ ಇದರಲ್ಲಿದೆ, ತಮಿಳುನಾಡಿನ ಧಾರಾಪುರಂ, ಒಟ್ಟನ್‌ಛತ್ರಂ ಕಡೆ ಬೀಜಕ್ಕಾಗಿಯೇ ಇದನ್ನು ಬೆಳೆಯುತ್ತಾರೆ. ಅದೇ ಕಾಲ್ಚಿಸಿನ್ ಅಳತೆ ಮೀರಿದರೆ ಜೀವ ತೆಗೆಯುತ್ತದೆ. ಗೆಡ್ಡೆಯನ್ನು ಗೆಣಸು ಅಂದುಕೊಂಡು ಬೇಯಿಸಿ ತಿಂದು ಸತ್ತವರಿದ್ದಾರೆ, ಬೇಯಿಸಿದರೆ ವಿಷ ಹೋಗುವುದಿಲ್ಲ. ವಾಂತಿ ಭೇದಿ ಶುರುವಾಗುವುದೇ ಕೆಲವು ಗಂಟೆ ಬಿಟ್ಟು. ಹಾಗಾಗಿ ಮಗು ಬಾಯಿಗೆ ಹಾಕಿಕೊಂಡಿತು ಅಂತ ಗೊತ್ತಾದರೆ ಕಾಯುತ್ತಾ ಕೂರದೆ ಆಸ್ಪತ್ರೆಗೆ ಓಡಬೇಕು.

ಹಾಗಂತ ಬೆಳೆಸಬೇಡಿ ಅನ್ನುತ್ತಿಲ್ಲ. ಬೆಳೆಸುವುದೂ ಕಷ್ಟವಲ್ಲ. ಮೇ ಕೊನೆಗೆ, ನೀರು ಬಸಿದು ಹೋಗುವ ಮರಳು ಮಣ್ಣಿನಲ್ಲಿ ಮೂರು ಬೆರಳು ಆಳಕ್ಕೆ ಗೆಡ್ಡೆ ಅಡ್ಡ ಮಲಗಿಸಿ. ತುದಿಯಲ್ಲಿರುವ ಮೊಳಕೆ ಮುರಿಯದಂತೆ ನೋಡಿಕೊಳ್ಳಿ, ಅದು ಹೋದರೆ ಸಾಮಾನ್ಯವಾಗಿ ಗೆಡ್ಡೆಯೂ ಹೋದಂತೆ. ಎಲೆಯ ತುದಿಯೇ ಸುರುಳಿಯಾಗಿ ಹಿಡಿದುಕೊಂಡು ಈ ಬಳ್ಳಿ ಹತ್ತುತ್ತದೆ, ಆದ್ದರಿಂದ ದಪ್ಪ ಕಂಬ ಕೊಟ್ಟರೆ ಸುಮ್ನೆ ದಂಡ, ಒಣ ಕಡ್ಡಿ ರೆಂಬೆಗಳೋ ಬಲೆಯೋ ಸಾಕು. ಹೂ ಅರಳುವಾಗ ಹಸಿರು ಹಳದಿ, ದಿನ ಕಳೆದಂತೆ ಕೆಂಪು, ಒಂದೇ ಬಳ್ಳಿಯಲ್ಲಿ ಎಲ್ಲ ಬಣ್ಣವೂ ಕಾಣುತ್ತದೆ. ಮಳೆ ಮುಗಿದ ಮೇಲೆ ಬಳ್ಳಿ ಹಳದಿಯಾಗಿ ಒಣಗುತ್ತದೆ. ಸತ್ತೇ ಹೋಯಿತು ಅಂತ ಕುಂಡ ಖಾಲಿ ಮಾಡುವವರೇ ಜಾಸ್ತಿ! ನೀರು ನಿಲ್ಲಿಸಿ ಹಾಗೇ ಬಿಡಿ, ಮುಂದಿನ ಮಳೆಗೆ ಮತ್ತೆ ಏಳುತ್ತದೆ. ಬೀಜದಿಂದಲೂ ಬರುತ್ತದೆ, ಆದರೆ ಹೂ ನೋಡಲು ಕೆಲವು ವರ್ಷ ತಾಳ್ಮೆ ಬೇಕು.

ಕುಂಡಕ್ಕೆ ಒಂದು ಚೀಟಿ ಕಟ್ಟಿ. ಕೀಳುವಾಗ ಕೈಗವಸು ಹಾಕಿ, ಕೈ ತೊಳೆಯಿರಿ. ಅಡುಗೆಗೆ ಬಳಸುವ ಗೆಡ್ಡೆ ಗೆಣಸಿನ ಪಾತಿ ಪಕ್ಕದಲ್ಲಂತೂ ಬೇಡವೇ ಬೇಡ. ಮಾರುವವರು ಪೊಟ್ಟಣದ ಮೇಲೆ ಕೆಂಪಕ್ಷರದಲ್ಲಿ ಎರಡು ಸಾಲು ಹಾಕುವುದು ದೊಡ್ಡ ಖರ್ಚೇನಲ್ಲ, ಅಲ್ವಾ? ಹಬ್ಬದ ಪುರವಣಿಯಲ್ಲಿ ಈ ಹೂವಿನ ಚಿತ್ರ ಹಾಕಿದರೆ ನೀವೂ ಅದೇ ಎರಡು ಸಾಲು ಸೇರಿಸಿ.

– ಓದುಗ, ಸಾಗರ