ಗೋಬಿ ಮತ್ತೆ ಕೆಂಪಾಗಿದೆ

ಸಂಪಾದಕರೇ,

ಮೊನ್ನೆ ಬಳ್ಳಾರಿಯಲ್ಲಿ ಮಗಳಿಗೆ ತಳ್ಳುಗಾಡಿಯ ಗೋಬಿ ಕೊಡಿಸಿದೆ. ಅವಳ ಬೆರಳಿಗೆ ಹತ್ತಿದ ಕೆಂಪು ಬಣ್ಣ ಸೋಪು ಹಾಕಿ ತಿಕ್ಕಿದರೂ ಹೋಗಲಿಲ್ಲ, ಮರುದಿನ ಶಾಲೆಗೂ ಹಂಗೇ ಹೋದಳು. ಬರೀ ಖಾರದಪುಡಿಗೆ ಇಂಥ ಬಣ್ಣ ಬರುತ್ತಾ?

ಗೋಬಿಗೆ ಕೃತಕ ಬಣ್ಣ, ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಹಾಕಬಾರದು ಎಂದು 2024ರ ಮಾರ್ಚ್‌ನಲ್ಲೇ ಸರ್ಕಾರ ಹೇಳಿತ್ತು, ಜೂನ್‌ನಲ್ಲಿ ಕಬಾಬಿಗೂ ಕೃತಕ ಬಣ್ಣ ಬೇಡ ಎಂದಿತು. ರೋಡಮೈನ್ ಬಟ್ಟೆಗೆ ಹಾಕುವ ಬಣ್ಣ, ಹೊಟ್ಟೆಗಲ್ಲ. ಆಗ ಸ್ವಲ್ಪ ದಿನ ನಮ್ಮ ಕಡೆ ಗೋಬಿ ಕಂದು ಬಣ್ಣಕ್ಕೆ ತಿರುಗಿತ್ತು (ರುಚಿಯೇನೂ ಕೆಟ್ಟಿರಲಿಲ್ಲ). ಸುಮ್ನೆ ಗಾಡಿಯವರನ್ನು ಬೈದರೆ ಆಗಲ್ಲ, ಬಣ್ಣದ ಪೊಟ್ಟಣ ಮಾರುವವರನ್ನೂ ಹಿಡಿಯಬೇಕು ಅಲ್ವಾ? ಅಧಿಕಾರಿಗಳು ಸ್ಯಾಂಪಲ್ ಒಯ್ದ ಮೇಲೆ ಲ್ಯಾಬ್ ಏನು ಹೇಳಿತು ಅಂತ ನಮಗೂ ತಿಳಿಸಲಿ.

– ಒಬ್ಬ ತಂದೆ, ಬಳ್ಳಾರಿ