ಎಣ್ಣೆ ಇನ್ನು ಗಾಜಿನ ಬಾಟಲಿ, ಸ್ಟೀಲ್ ಕ್ಯಾನಿನಲ್ಲಿ: ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ ಸಂಘದ ಗಾಣದ ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆ, ಕೊಬ್ಬರಿ ಎಣ್ಣೆ ಪ್ಲಾಸ್ಟಿಕ್ ಬಾಟಲಿಯಲ್ಲಾಗಲಿ ಪೌಚಿನಲ್ಲಾಗಲಿ ಸಿಗುವುದಿಲ್ಲ. ಅರ್ಧ ಲೀಟರ್ ಮತ್ತು 1 ಲೀಟರ್ ಎಣ್ಣೆ ಕಂದು ಗಾಜಿನ ಬಾಟಲಿಯಲ್ಲಿ, 5 ಲೀಟರ್ ಎಣ್ಣೆ ಸ್ಟೀಲ್ ಕ್ಯಾನಿನಲ್ಲಿ ಸಿಗುತ್ತದೆ. ಬೆಲೆ ಲೀಟರಿಗೆ 12 ರೂಪಾಯಿ ಹೆಚ್ಚಾಗುತ್ತದೆ. ಬಾಟಲಿಗೆ 50 ರೂಪಾಯಿ, ಕ್ಯಾನಿಗೆ 700 ರೂಪಾಯಿ ಠೇವಣಿ ಇಡಬೇಕು. ವಾಪಸ್ ತಂದ ದಿನವೇ ಅಷ್ಟೂ ಹಣ ಹಿಂದಿರುಗಿಸುತ್ತೇವೆ. ಇಷ್ಟು ಖರ್ಚು ನಿಮ್ಮ ಮೇಲೆ ಯಾಕೆ ಹಾಕುತ್ತಿದ್ದೇವೆ ಎನ್ನುವುದನ್ನು ವಿವರವಾಗಿ ಹೇಳಬೇಕಾದದ್ದು ನಮ್ಮ ಕೆಲಸ.

ಮಾತು ಬಾಟಲಿಯಿಂದಲ್ಲ, ಪೈಪಿನಿಂದ ಶುರುವಾಗಬೇಕು. ಗಾಣದಿಂದ ಇಳಿದ ಎಣ್ಣೆ ಗಸಿ ಕೂರಲೆಂದು ಮೂರು ದಿನ ತೊಟ್ಟಿಯಲ್ಲಿರುತ್ತದೆ. ಅಲ್ಲಿಂದ ಬಾಟಲಿ ತುಂಬುವ ಮೇಜಿಗೆ ಎಣ್ಣೆ ಬರುವುದು ಪೈಪಿನಲ್ಲಿ. ಸಣ್ಣ ಗಾಣಗಳಲ್ಲಿ ಸಾಮಾನ್ಯವಾಗಿ ಕಾಣುವುದು ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಪಾರದರ್ಶಕ ಪಿವಿಸಿ ಪೈಪು. ಹೊಸದರಲ್ಲಿ ಅದನ್ನು ಕೈಗೆ ಸುತ್ತಿಕೊಳ್ಳಬಹುದು, ಅಷ್ಟು ಮೆದು. ಕೆಲವು ತಿಂಗಳು ಎಣ್ಣೆ ಹರಿದ ಮೇಲೆ ಅದೇ ಪೈಪು ಹಳದಿಗಟ್ಟಿ ಗಡುಸಾಗುತ್ತದೆ, ನಲ್ಲಿಗೆ ಸಿಕ್ಕಿಸುವ ತುದಿಯಲ್ಲಿ ಸೀಳು ಬಿಡುತ್ತದೆ. ಪೈಪಿಗೆ ವಯಸ್ಸಾಯಿತು ಎಂದು ತುದಿ ಕತ್ತರಿಸಿ ಮತ್ತೆ ಸಿಕ್ಕಿಸುವುದು ವಾಡಿಕೆ. ಆದರೆ ಆ ಮೆದುತನ ಹೋಗಿದ್ದೆಲ್ಲಿಗೆ? ಬಹುಪಾಲು ಎಣ್ಣೆಗೇ. ಪಿವಿಸಿ ಮೂಲತಃ ಗಡುಸು ಪ್ಲಾಸ್ಟಿಕ್. ಅದನ್ನು ಮೆದುಮಾಡಲು ಥ್ಯಾಲೇಟ್ ಜಾತಿಯ ಜಿಡ್ಡಿನ ದ್ರವಗಳನ್ನು ಬೆರೆಸುತ್ತಾರೆ. ಮೆತ್ತನೆಯ ಪೈಪಿನ ತೂಕದಲ್ಲಿ ಇವೇ ಶೇಕಡಾ 30ರಿಂದ 40ರಷ್ಟು ಇರುವುದುಂಟು. ಅವು ಪ್ಲಾಸ್ಟಿಕ್ಕಿಗೆ ರಾಸಾಯನಿಕವಾಗಿ ಅಂಟಿಕೊಂಡಿರುವುದಿಲ್ಲ, ಸ್ಪಂಜಿನಲ್ಲಿ ನೀರು ನಿಂತ ಹಾಗೆ ನಡುವೆ ನಿಂತಿರುತ್ತವೆ. ನೀರಿಗೆ ಇವು ಅಷ್ಟಾಗಿ ಇಳಿಯುವುದಿಲ್ಲ. ಎಣ್ಣೆ ಸಿಕ್ಕಿದರೆ ಸಲೀಸಾಗಿ ಇಳಿಯುತ್ತವೆ.

ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದದ್ದು ಡಿಇಎಚ್‌ಪಿ. ಗರ್ಭದಲ್ಲಿರುವ ಗಂಡು ಇಲಿಮರಿಗಳಲ್ಲಿ ಇದು ಟೆಸ್ಟೊಸ್ಟೆರಾನ್ ತಯಾರಿಕೆಯನ್ನು ತಗ್ಗಿಸಿ ಜನನಾಂಗದ ಬೆಳವಣಿಗೆಯನ್ನು ಕೆಡಿಸುತ್ತದೆ ಎಂಬುದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಯುರೋಪ್ 2008ರಲ್ಲೇ ಇದನ್ನು ಸಂತಾನಶಕ್ತಿಗೆ ಹಾನಿಕರ ಎಂಬ ಕಾರಣಕ್ಕೆ ತೀವ್ರ ಕಾಳಜಿಯ ವಸ್ತುಗಳ ಪಟ್ಟಿಗೆ ಸೇರಿಸಿತು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ಪ್ಯಾಕೇಜಿಂಗ್ ನಿಯಮದಲ್ಲಿ ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಇಳಿಯುವ ಡಿಇಎಚ್‌ಪಿಗೆ ಕಿಲೋಗೆ 1.5 ಮಿಲಿಗ್ರಾಂ ಮಿತಿ ಇದೆ. ಯುರೋಪಿನಲ್ಲೂ ಅಷ್ಟೇ ಇತ್ತು, 2023ರಲ್ಲಿ ಅದನ್ನು 0.6ಕ್ಕೆ ಇಳಿಸಿದರು. ದಿನವೂ ಒಗ್ಗರಣೆಗೆ ಬೀಳುವ ಎಣ್ಣೆಗೆ ಕಟ್ಟುನಿಟ್ಟಿನ ಮಿತಿಯನ್ನೇ ಹಿಡಿಯಬೇಕು ಎನ್ನುವುದು ನಮ್ಮ ನಿಲುವು.

ಆದ್ದರಿಂದ ಮೊದಲು ಬದಲಾದದ್ದು ಪೈಪು. ತೊಟ್ಟಿ, ಪೈಪು, ನಲ್ಲಿ ಎಲ್ಲವೂ ಈಗ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು. ಸಿಲಿಕೋನ್ ಪೈಪು ಹಾಕಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ನೀರಿಗೆ, ಹಾಲಿಗೆ ಅದು ಸರಿ. ಎಣ್ಣೆಯಲ್ಲಿ ಅದು ಜಿಡ್ಡು ಹೀರಿ ಉಬ್ಬುತ್ತದೆ, ಹಾಗೆ ಉಬ್ಬಿದ್ದು ತನ್ನೊಳಗಿನದನ್ನೂ ಬಿಟ್ಟುಕೊಡುತ್ತದೆ. ಹಿತ್ತಾಳೆ ನಲ್ಲಿ ತೆಗೆದದ್ದು ಬೇರೆ ಕಾರಣಕ್ಕೆ: ತಾಮ್ರದ ಅಂಶ ತಗುಲಿದರೆ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಪೈಪಿನ ಜೋಡಣೆಗಳಲ್ಲಿ ಮಾತ್ರ ಟೆಫ್ಲಾನ್ ವಾಷರ್ ಉಳಿದಿದೆ. ಎಣ್ಣೆಗೆ ಅದರಿಂದ ಹೆಚ್ಚುಕಡಿಮೆ ಏನೂ ಇಳಿಯುವುದಿಲ್ಲ. ಆದರೂ ಆ ಜಾತಿಯ ರಾಸಾಯನಿಕಗಳು ಮಣ್ಣುನೀರಿನಲ್ಲಿ ಕೊಳೆಯದೆ ಬಹುಕಾಲ ಉಳಿಯುವಂಥವು; ಅದರ ತಯಾರಿಕೆಯಲ್ಲಿ ಹಿಂದೆ ಬಳಸುತ್ತಿದ್ದ ಪಿಎಫ್‌ಒಎ ಎಂಬ ವಸ್ತುವನ್ನು 2019ರಲ್ಲಿ ಸ್ಟಾಕ್‌ಹೋಮ್ ಅಂತರರಾಷ್ಟ್ರೀಯ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿಸಲಾಯಿತು. ಹಾಗಾಗಿ ಜೋಡಣೆಗಳನ್ನೇ ಕಡಿಮೆ ಇಟ್ಟುಕೊಂಡಿದ್ದೇವೆ.

‘ಫುಡ್ ಗ್ರೇಡ್’ ಎಂದು ಬರೆದಿದ್ದರೆ ಸಾಲದೇ? ಸಾಲದು. ಫುಡ್ ಗ್ರೇಡ್ ಎಂದು ಮಾರುವವರ ಹತ್ತಿರ ಸಾಮಾನ್ಯವಾಗಿ ಇರುವುದು ಒಟ್ಟು ವಲಸೆ ಪರೀಕ್ಷೆಯ, ಅಂದರೆ ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಒಟ್ಟು ಎಷ್ಟು ಇಳಿಯುತ್ತದೆ ಎಂದು ನೋಡುವ ಪರೀಕ್ಷೆಯ ವರದಿ. ಪ್ಲಾಸ್ಟಿಕ್ಕನ್ನು ಒಂದು ದ್ರಾವಕದಲ್ಲಿ ಇಟ್ಟು (ಜಿಡ್ಡಿನ ಆಹಾರಕ್ಕೆ ಹೆಪ್ಟೇನ್, ಹುಳಿಗೆ ಶೇಕಡಾ 3ರ ಅಸಿಟಿಕ್ ಆಮ್ಲ), ಆಮೇಲೆ ದ್ರಾವಕವನ್ನು ಇಂಗಿಸಿ, ತಳದಲ್ಲಿ ಉಳಿದದ್ದನ್ನು ತೂಗುತ್ತಾರೆ. ಕಿಲೋ ಆಹಾರಕ್ಕೆ 60 ಮಿಲಿಗ್ರಾಂ ಒಳಗಿದ್ದರೆ ಪಾಸು. ತೂಕ ಎಷ್ಟು ಎನ್ನುವುದು ಗೊತ್ತಾಯಿತು, ಅದು ಏನು ಎನ್ನುವುದು ಗೊತ್ತಾಗಲಿಲ್ಲ. 60ರೊಳಗೆ ಡಿಇಎಚ್‌ಪಿ 3 ಮಿಲಿಗ್ರಾಂ ಇದ್ದರೂ ಈ ಪರೀಕ್ಷೆಯಲ್ಲಿ ಅದು ಪಾಸಾಗುತ್ತದೆ! ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2023ರ ವರದಿ ಪ್ಲಾಸ್ಟಿಕ್ಕಿಗೆ ಸಂಬಂಧಿಸಿದ 13,000ಕ್ಕೂ ಹೆಚ್ಚು ರಾಸಾಯನಿಕಗಳನ್ನು ಲೆಕ್ಕಕ್ಕೆ ತೆಗೆದುಕೊಂಡು, ಅವುಗಳಲ್ಲಿ 3,200ಕ್ಕೂ ಹೆಚ್ಚನ್ನು ಕಳವಳಕಾರಿ ಎಂದು ಗುರುತಿಸಿದೆ. ಹೆಸರು ಹಿಡಿದು ಹುಡುಕದಿದ್ದರೆ ಇವು ಸಿಗುವುದಿಲ್ಲ.

ಹುಡುಕುವುದರಲ್ಲೂ ಎಡವುವುದು ಸುಲಭ, ಏಕೆಂದರೆ ಥ್ಯಾಲೇಟ್ ಎಲ್ಲೆಲ್ಲೂ ಇದೆ. ಎಣ್ಣೆ ಪರೀಕ್ಷೆಗೆ ಕಳಿಸುವಾಗ ಪ್ಲಾಸ್ಟಿಕ್ ಲಾಳಿಕೆಯಲ್ಲಿ ಸುರಿದರೆ, ಪಿವಿಸಿ ಕೈಗವಸು ಹಾಕಿಕೊಂಡರೆ, ವರದಿಯಲ್ಲಿ ಬರುವುದು ಲಾಳಿಕೆಯ ಥ್ಯಾಲೇಟ್, ಎಣ್ಣೆಯದ್ದಲ್ಲ. ಈಗ ಪಾಲಿಸುವ ಕ್ರಮ ಹೀಗಿದೆ. 250 ಮಿಲಿಯ ಗಾಜಿನ ಬಾಟಲಿಯನ್ನು ಹೆಕ್ಸೇನ್ ಎಂಬ ದ್ರಾವಕದಿಂದ ಮೂರು ಸಲ ತೊಳೆದು ಒಣಗಿಸಬೇಕು. ಸ್ಟೀಲ್ ಸೌಟಿನಲ್ಲಿ ನೇರವಾಗಿ ತುಂಬಿ, ಬಾಯಿಗೆ ಅಲ್ಯೂಮಿನಿಯಂ ಫಾಯಿಲ್ ಹೊದಿಸಿ, ಆಮೇಲೆ ಮುಚ್ಚಳ ತಿರುಗಿಸಬೇಕು. ಇದರ ಜೊತೆಗೆ ಹಾಗೆಯೇ ತೊಳೆದ ಖಾಲಿ ಬಾಟಲಿಯೊಂದನ್ನೂ ಕಳಿಸಬೇಕು. ಖಾಲಿ ಬಾಟಲಿಯಲ್ಲೂ ಥ್ಯಾಲೇಟ್ ಕಂಡರೆ ಆ ವರದಿಯನ್ನು ನಂಬುವಂತಿಲ್ಲ, ಪರೀಕ್ಷೆ ಮತ್ತೆ ಮಾಡಿಸಬೇಕು. ಪ್ರಯೋಗಾಲಯ ಎಷ್ಟು ಕಡಿಮೆ ಪ್ರಮಾಣದವರೆಗೆ ಅಳೆಯಬಲ್ಲದು ಎಂಬ ಅಂಕಿಯನ್ನೂ ವರದಿಯಲ್ಲಿ ಬರೆಸಿಕೊಳ್ಳಬೇಕು. ‘ಪತ್ತೆಯಾಗಿಲ್ಲ’ ಎಂಬ ಮಾತಿಗೆ ಆ ಅಂಕಿಯಿಲ್ಲದೆ ಬೆಲೆ ಇಲ್ಲ.

ಇನ್ನು ಬಾಟಲಿ. ಪೆಟ್ ಬಾಟಲಿಯ ಮೇಲೆ ಇಲ್ಲದ ತಪ್ಪು ಹೊರಿಸಬಾರದು. ಅದರ ಪೂರ್ತಿ ಹೆಸರಾದ ಪಾಲಿಎಥಿಲೀನ್ ಟೆರೆಫ್ತಾಲೇಟ್‌ನಲ್ಲಿರುವ ಟೆರೆಫ್ತಾಲೇಟ್ ಬೇರೆ, ಪಿವಿಸಿಯನ್ನು ಮೆದುಮಾಡುವ ಥ್ಯಾಲೇಟ್ ಬೇರೆ. ಪೆಟ್‌ಗೆ ಮೆದುಕಾರಕ ಬೇಕಾಗುವುದೇ ಇಲ್ಲ. ಹೊಸ ಬಾಟಲಿ, ತಂಪು ಜಾಗ, ಒಂದೇ ಸಲದ ಬಳಕೆ, ಇಷ್ಟಿದ್ದರೆ ಅದು ದೊಡ್ಡ ತೊಂದರೆಯ ವಸ್ತುವಲ್ಲ. ತಯಾರಿಕೆಯಲ್ಲಿ ಬಳಸುವ ಆಂಟಿಮನಿ ಎಂಬ ಧಾತುವಿನ ಅಂಶ ಅದರಲ್ಲಿ ಉಳಿದಿರುತ್ತದೆ, ಬಿಸಿ ಏರಿದಂತೆ ಹೆಚ್ಚು ಹೆಚ್ಚು ಹೊರಗೆ ಇಳಿಯುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿ, ಒಲೆಯ ಪಕ್ಕದ ಕಟ್ಟೆ, ಕರಿದು ಉಳಿದ ಬಿಸಿ ಎಣ್ಣೆಯನ್ನು ಅದೇ ಬಾಟಲಿಗೆ ಸುರಿಯುವುದು, ಇವೇ ಕಷ್ಟದ ಜಾಗಗಳು. ಖಾಲಿ ಬಾಟಲಿ ಮನೆಯಲ್ಲಿ ವರ್ಷಗಟ್ಟಲೆ ಬಳಕೆಯಾಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ವರ್ಷಗಟ್ಟಲೆಯ ಆ ಬಳಕೆಯನ್ನು ತಾಳುವ ಬಾಟಲಿ ಗಾಜಿನದ್ದು (ಬಿಸಿ ಎಣ್ಣೆಯನ್ನು ನೇರ ಸುರಿದರೆ ಮಾತ್ರ ಗಾಜೂ ಬಿರುಕು ಬಿಡಬಹುದು). 2025ರಲ್ಲಿ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದನ್ನು ರಾಜ್ಯದ ಆರೋಗ್ಯ ಇಲಾಖೆ ತಡೆದದ್ದೂ ಬಿಸಿಯ ಕಾರಣಕ್ಕೇ.

ಗಾಜಿಗೆ ಬದಲಾದರೆ ಎಲ್ಲ ಮುಗಿಯಿತು ಎಂದೂ ಅಲ್ಲ. ಮನೆಯಲ್ಲಿರುವ ಜಾಮ್ ಅಥವಾ ಉಪ್ಪಿನಕಾಯಿ ಬಾಟಲಿಯ ತಗಡಿನ ಮುಚ್ಚಳ ತಿರುಗಿಸಿ ಒಳಗೆ ನೋಡಿ. ಅಂಚಿನುದ್ದಕ್ಕೂ ಬೆಣ್ಣೆ ಬಣ್ಣದ ಮೆತ್ತನೆಯ ಉಂಗುರವಿದೆ, ಉಗುರು ಒತ್ತಿದರೆ ಗುರುತು ಬೀಳುತ್ತದೆ. ಬಹಳಷ್ಟು ಮುಚ್ಚಳಗಳಲ್ಲಿ ಅದು ಪಿವಿಸಿ, ಅದನ್ನು ಮೆದುಮಾಡಲೂ ಅದೇ ಬಗೆಯ ವಸ್ತುಗಳು. ಎಣ್ಣೆ ತೇಲುವ ಉಪ್ಪಿನಕಾಯಿ ಬಾಟಲಿಯನ್ನು ಅಡ್ಡ ಮಲಗಿಸಿದರೆ ಎಣ್ಣೆ ಆ ಉಂಗುರದ ಮೇಲೇ ನಿಲ್ಲುತ್ತದೆ. ಎಣ್ಣೆ ಬಾಟಲಿಗೆ ನಾವು ಆರಿಸಿರುವುದು ಒಳಗೆ ಪಾಲಿಥೀನ್ ಬಿಲ್ಲೆ ಇರುವ ಅಲ್ಯೂಮಿನಿಯಂ ಮುಚ್ಚಳ. ಪಾಲಿಥೀನ್ ತಾನಾಗಿಯೇ ಮೆದು, ಮೆದುಕಾರಕ ಬೇಡ.

ಮುಚ್ಚಳದ ಪ್ರತಿ ಲೋಡಿನಿಂದ ಐದು ಬಿಲ್ಲೆ ತೆಗೆದು ಪರೀಕ್ಷಿಸುತ್ತೇವೆ. ತಾಮ್ರದ ತಂತಿಯನ್ನು ಗ್ಯಾಸ್ ಉರಿಯಲ್ಲಿ ಹಸಿರು ಬಣ್ಣ ಪೂರ್ತಿ ಹೋಗುವವರೆಗೆ ಕಾಯಿಸಿ, ಬಿಸಿ ತುದಿಯನ್ನು ಬಿಲ್ಲೆಗೆ ಮುಟ್ಟಿಸಿ, ಸಾಸಿವೆ ಕಾಳಿನಷ್ಟು ಅಂಟಿದ್ದನ್ನು ಮತ್ತೆ ಉರಿಗೆ ಹಿಡಿಯಬೇಕು. ಉರಿ ಎಲೆಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆ; ಮುಚ್ಚಳದ ಬಿಲ್ಲೆಯ ಮಟ್ಟಿಗೆ ಅದರರ್ಥ ಪಿವಿಸಿ ಎಂದೇ. ಆ ಲೋಡು ವಾಪಸ್ ಹೋಗುತ್ತದೆ. ದಯವಿಟ್ಟು ಇದನ್ನು ಅಡುಗೆಮನೆಯಲ್ಲಿ ಮಾಡಬೇಡಿ, ಪಿವಿಸಿಯ ಹೊಗೆ ಒಳ್ಳೆಯದಲ್ಲ. ನಾವೂ ಬಯಲಲ್ಲೇ ಮಾಡುತ್ತೇವೆ.

ನಮ್ಮ ಉಪ್ಪಿನಕಾಯಿ ಮೊದಲಿನಿಂದಲೂ ಗಾಜಿನಲ್ಲೇ ಇದೆ, ಮುಚ್ಚಳ ಮಾತ್ರ ಇನ್ನೂ ಬದಲಾಗಿಲ್ಲ. ಪಿವಿಸಿ ಇಲ್ಲದ ಉಂಗುರದ ಮುಚ್ಚಳ ಸಣ್ಣ ಪ್ರಮಾಣದಲ್ಲಿ ಸಿಗುವುದು ಕಷ್ಟವಾಗಿದೆ. ಅದು ಸಿಗುವವರೆಗೆ ಬಾಯಿಯಿಂದ 2 ಸೆಂಟಿಮೀಟರ್ ಕೆಳಗೆ ತುಂಬುತ್ತಿದ್ದೇವೆ, ನೀವೂ ಬಾಟಲಿಯನ್ನು ನೆಟ್ಟಗೆ ಇಡಿ. ಮನೆಯ ಪಿಂಗಾಣಿ ಜಾಡಿ ತಂದರೆ ತೂಕ ಹಾಕಿ ಅದಕ್ಕೇ ತುಂಬಿಕೊಡುತ್ತೇವೆ. ಬಣ್ಣದ ಚಿತ್ತಾರವಿರುವ ಅಲಂಕಾರದ ಜಾಡಿ ಬೇಡ. ಅಗ್ಗದ ಮೆರುಗಿನಲ್ಲಿ ಸೀಸವಿದ್ದರೆ ಹುಳಿಗೆ ಅದು ಇಳಿಯುತ್ತದೆ.

ಅಂಗಡಿಯ ಬಿಲ್ಲೂ ಬದಲಾಗಿದೆ. ನುಣುಪಾದ ಥರ್ಮಲ್ ಕಾಗದದಲ್ಲಿ ಅಕ್ಷರ ಮೂಡಿಸಲು ಬಿಪಿಎ ಎಂಬ, ಹಾರ್ಮೋನಿನ ಕೆಲಸಕ್ಕೆ ಅಡ್ಡಿಮಾಡುವ ರಾಸಾಯನಿಕವನ್ನು ಅಥವಾ ಅದರ ತಮ್ಮನಂಥ ಬಿಪಿಎಸ್ ಅನ್ನು ಲೇಪಿಸಿರುವುದುಂಟು. ಎಣ್ಣೆ ತಾಗಿದ ಬೆರಳಿಗೆ ಅದು ಇನ್ನೂ ಸುಲಭವಾಗಿ ಅಂಟುತ್ತದೆ. 2023ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಬಿಪಿಎಯ ದಿನದ ಮಿತಿಯನ್ನು ಮೊದಲಿಗಿಂತ 20,000 ಪಟ್ಟು ಕೆಳಗಿಳಿಸಿತು. ಇನ್ನು ಬಿಲ್ಲು ಸಾದಾ ಕಾಗದದಲ್ಲಿ, ಇಲ್ಲವೇ ನಿಮ್ಮ ಮೊಬೈಲಿಗೆ.

ಕೊನೆಗೆ, ವಾಪಸಾತಿಯ ಕ್ರಮ. ಬಾಟಲಿಯನ್ನು ನೀವು ತೊಳೆಯಬೇಡಿ. ಒಳಗೆ ನಾಲ್ಕು ಹನಿ ನೀರು ಉಳಿದರೂ ತಳದ ಎಣ್ಣೆ ಹುಳಿತು ಅಂಟಾಗುತ್ತದೆ, ಆಮೇಲೆ ಎಷ್ಟು ತಿಕ್ಕಿದರೂ ವಾಸನೆ ಬಿಡುವುದಿಲ್ಲ. ರಾತ್ರಿ ಬೋರಲು ಹಾಕಿ, ಬಸಿದ ಎಣ್ಣೆ ಅಡುಗೆಗೆ ಬಳಸಿ, ಮುಚ್ಚಳ ಹಾಕಿ ತನ್ನಿ. ಇಲ್ಲಿ ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಆಮೇಲೆ 65 ಡಿಗ್ರಿಯ ವಾಷಿಂಗ್ ಸೋಡಾ ನೀರಿನಲ್ಲಿ ತೊಳೆಯುತ್ತೇವೆ; ತಣ್ಣಗಿನ ಗಾಜನ್ನು ನೇರ ಬಿಸಿನೀರಿಗೆ ಹಾಕಿದರೆ ಬಿರುಕು ಬಿಡುತ್ತದೆ. ಬಾಯಿ ಚಕ್ಕೆ ಎದ್ದ ಬಾಟಲಿಯ ಠೇವಣಿಯನ್ನೂ ಕೊಡುತ್ತೇವೆ, ಆದರೆ ಮರುಬಳಕೆಗೆ ತೆಗೆದುಕೊಳ್ಳುವುದಿಲ್ಲ. ಸೀಮೆಎಣ್ಣೆ, ಫಿನಾಯಿಲ್ ಹಾಕಿಟ್ಟಿದ್ದ ಬಾಟಲಿಯನ್ನು ಮಾತ್ರ ತರಬೇಡಿ. ಅಕಸ್ಮಾತ್ ಬೆರೆತಿದ್ದರೆ ಕೌಂಟರಿನಲ್ಲಿ ಹೇಳಿಬಿಡಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಹಳೆಯ ಪೆಟ್ ಬಾಟಲಿಗಳಲ್ಲಿ ಉಳಿದಿರುವ ಎಣ್ಣೆಯನ್ನು ಚೆಲ್ಲಬೇಕಿಲ್ಲ. ಸ್ಟೀಲ್ ಡಬ್ಬಕ್ಕೆ ಬಗ್ಗಿಸಿಕೊಂಡು ಬಳಸಿ. ಖಾಲಿ ಪ್ಲಾಸ್ಟಿಕ್ ಬಾಟಲಿಗಳನ್ನು ಮುಂದಿನ ಮೂರು ತಿಂಗಳು ಅಂಗಡಿಯಲ್ಲೇ ಒಟ್ಟು ಮಾಡಿ ಒಣಕಸದ ಕೇಂದ್ರಕ್ಕೆ ಕಳಿಸುತ್ತೇವೆ. ನಮ್ಮ ಎಣ್ಣೆಯ ಪರೀಕ್ಷಾ ವರದಿ, ಖಾಲಿ ಬಾಟಲಿಯ ವರದಿಯ ಸಮೇತ, ಕೌಂಟರಿನ ಪಕ್ಕದ ಫೈಲಿನಲ್ಲಿದೆ. ಯಾರು ಬೇಕಾದರೂ ತೆಗೆದು ಓದಬಹುದು, ಫೋಟೋ ತೆಗೆದುಕೊಳ್ಳಬಹುದು.

ಇತಿ,
ನಿಮ್ಮ ಗಾಣದೆಣ್ಣೆ ಸಹಕಾರ ಸಂಘದ ಪರವಾಗಿ,
ಬೆಂಗಳೂರು