ಇಸ್ಲಾಮಿನ ಪಾಠ ಹೇಳಲಿರುವ ಮಗಳಿಗೆ

ಚಿ. ವೀಣಾಳಿಗೆ ನಿನ್ನ ದೊಡ್ಡಪ್ಪನು ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ನಿನ್ನ ಪತ್ರ ತಲುಪಿತು. ಮುಂದಿನ ತಿಂಗಳು ಪ್ರೌಢಶಾಲೆಯ ಮಕ್ಕಳಿಗೆ ಇಸ್ಲಾಂ ಧರ್ಮದ ಉದಯ ಮತ್ತು ಪ್ರಸಾರದ ಪಾಠವನ್ನು ಹೇಳಬೇಕಾಗಿದೆಯೆಂದೂ, ತರಗತಿಯಲ್ಲಿ ಎರಡೂ ಸಮುದಾಯದ ಮಕ್ಕಳು ಇರುವುದರಿಂದ ಯಾವ ಮಾತು ಯಾರಿಗೆ ಚುಚ್ಚುವುದೋ ಎಂಬ ಅಳುಕಿದೆಯೆಂದೂ ಬರೆದಿರುವೆ. ಅಳುಕುತ್ತ ಹೇಳಿದ ಪಾಠದಲ್ಲಿ ಇಸವಿಗಳೂ ಹೆಸರುಗಳೂ ಮಾತ್ರ ಉಳಿಯುತ್ತವೆ. ಆದ್ದರಿಂದ ಸಂಗತಿಗಳನ್ನು ಗಟ್ಟಿಯಾಗಿ ತಿಳಿದುಕೊಂಡು ಹೋಗು. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಒಂದೇ ಮಾತು: ಅರಬರ ರಾಜ್ಯ ಹರಡಿದ್ದು ಬೇರೆ, ಇಸ್ಲಾಂ ಮತ ಹರಡಿದ್ದು ಬೇರೆ. ಮೊದಲನೆಯದಕ್ಕೆ ನೂರು ವರ್ಷ ಸಾಕಾಯಿತು. ಎರಡನೆಯದಕ್ಕೆ ಇನ್ನೂರು ಮುನ್ನೂರು ವರ್ಷ, ಕೆಲವೆಡೆ ಇನ್ನೂ ಹೆಚ್ಚು ಹಿಡಿಯಿತು. ಹೊಗಳುವವರೂ ತೆಗಳುವವರೂ ಇವೆರಡನ್ನು ಒಂದರೊಳಗೊಂದು ಕಲಸಿಬಿಟ್ಟಿದ್ದಾರೆ. ನೀನು ಬಿಡಿಸಿ ಹೇಳು.

ಅರೇಬಿಯವೆಂದರೆ ಬರಿಯ ಮರಳುಗಾಡು, ಅಲ್ಲಿದ್ದವರೆಲ್ಲ ಏನೂ ಅರಿಯದ ಜನ ಎಂದು ಪಾಠವನ್ನು ಪ್ರಾರಂಭಿಸಬೇಡ. ದಕ್ಷಿಣದ ಯೆಮನ್‌ನಲ್ಲಿ ಮಾರಿಬ್ ಅಣೆಕಟ್ಟಿನ ನೀರಿನಲ್ಲಿ ಬೇಸಾಯ ನಡೆದು ರಾಜ್ಯಗಳು ಬೆಳೆದಿದ್ದವು, ಅಲ್ಲಿನ ಹಿಮ್ಯಾರ್ ಅರಸರು ಯಹೂದಿ ಮತವನ್ನು ಸ್ವೀಕರಿಸಿದ್ದರು, ನಜ್ರಾನಿನಲ್ಲಿ ಕ್ರೈಸ್ತರಿದ್ದರು, ಯಸ್ರಿಬ್ ಎಂಬ ಊರಿನಲ್ಲಿ ಯಹೂದಿ ಬುಡಕಟ್ಟುಗಳು ಖರ್ಜೂರದ ತೋಟಗಳನ್ನು ಮಾಡಿಕೊಂಡಿದ್ದವು. ಮೆಕ್ಕಾ ಮಾತ್ರ ಬೆಳೆಯಿಲ್ಲದ ಕಲ್ಲು ಕಣಿವೆ. ಅಲ್ಲಿನ ಕುರೈಶ್ ಬುಡಕಟ್ಟಿನವರು ಬದುಕುತ್ತಿದ್ದುದು ವ್ಯಾಪಾರದಿಂದ ಮತ್ತು ಕಾಬಾ ದೇವಾಲಯಕ್ಕೆ ಬರುವ ಯಾತ್ರಿಕರಿಂದ. ಸುತ್ತಲಿನ ಬುಡಕಟ್ಟುಗಳ ಹಲವು ವಿಗ್ರಹಗಳು ಆ ಕಾಬಾದಲ್ಲಿದ್ದವು. ವರ್ಷದ ಕೆಲವು ತಿಂಗಳುಗಳಲ್ಲಿ ಯಾರೂ ಯಾರ ಮೇಲೂ ಕತ್ತಿ ಎತ್ತಬಾರದೆಂಬ ಕಟ್ಟಳೆಯಿತ್ತು.

ಈ ಕುರೈಶರ ಹಾಶಿಮ್ ಮನೆತನದಲ್ಲಿ ಸುಮಾರು 570ರಲ್ಲಿ ಮುಹಮ್ಮದ್ ಪೈಗಂಬರರು ಹುಟ್ಟಿದರು. ಹುಟ್ಟುವ ಮೊದಲೇ ತಂದೆ, ಆರನೆಯ ವಯಸ್ಸಿಗೆ ತಾಯಿ, ಆ ಬಳಿಕ ಸಾಕಿದ ಅಜ್ಜ, ಹೀಗೆ ಒಬ್ಬೊಬ್ಬರಾಗಿ ತೀರಿಕೊಂಡು ಕೊನೆಗೆ ತಂದೆಯ ಸೋದರ ಅಬೂ ತಾಲಿಬರ ಆಶ್ರಯದಲ್ಲಿ ಬೆಳೆದರು. ಖದೀಜಾ ಎಂಬ ವಿಧವೆ ಸ್ವಂತ ವ್ಯಾಪಾರ ನಡೆಸುತ್ತಿದ್ದರು. ಮುಹಮ್ಮದರು ಅವರ ಸರಕನ್ನು ಸಿರಿಯಾದ ಕಡೆಗೆ ಒಯ್ದು ಪ್ರಾಮಾಣಿಕನೆಂದು ಹೆಸರು ಪಡೆದು, ಮುಂದೆ ಅವರನ್ನೇ ಮದುವೆಯಾದರು. 610ರಲ್ಲಿ ಹಿರಾ ಗುಹೆಯಲ್ಲಿ ಧ್ಯಾನದಲ್ಲಿದ್ದಾಗ ದೇವದೂತ ಜಿಬ್ರೀಲನ ಮೂಲಕ ದೇವರ ವಾಣಿ ಬಂದಿತೆಂಬುದು ಮುಸ್ಲಿಮರ ಶ್ರದ್ಧೆ. ಇಲ್ಲಿ ‘ಮುಸ್ಲಿಮರು ಹೀಗೆ ನಂಬುತ್ತಾರೆ’ ಎಂದು ಸ್ಪಷ್ಟವಾಗಿ ಹೇಳಿ ಮುಂದೆ ಹೋಗು. ಬುದ್ಧನಿಗೆ ಬೋಧಿವೃಕ್ಷದ ಕೆಳಗೆ ಆದದ್ದನ್ನು ಹೇಗೆ ಹೇಳುವೆಯೋ ಇದನ್ನೂ ಹಾಗೆಯೇ ಹೇಳು. ಹೌದೆಂದು ಸಾಧಿಸುವುದೂ ಅಲ್ಲವೆಂದು ಅಲ್ಲಗಳೆಯುವುದೂ ಇತಿಹಾಸದ ಮೇಷ್ಟರ ಕೆಲಸವಲ್ಲ.

ಮೊದಲು ನಂಬಿದವರು ಖದೀಜಾ. ಆಮೇಲೆ ಬಂದವರಲ್ಲಿ ಅಬೂಬಕರರಂಥ ವ್ಯಾಪಾರಿಗಳಿದ್ದರು. ಬಿಲಾಲನಂಥ ಗುಲಾಮರೂ ಇದ್ದರು. ಮೆಕ್ಕಾದ ಹಿರಿಯರಿಗೆ ಸಿಟ್ಟು ಬರಲು ಕಾರಣಗಳಿದ್ದವು: ದೇವರು ಒಬ್ಬನೇ, ಪೂರ್ವಿಕರ ದೇವತೆಗಳು ಸುಳ್ಳು ಎನ್ನುವುದು ಒಂದಾದರೆ, ಸತ್ತ ಮೇಲೆ ಪ್ರತಿಯೊಬ್ಬನೂ ತನ್ನ ಕರ್ಮಕ್ಕೆ ತಾನೇ ಉತ್ತರ ಹೇಳಬೇಕು, ಅಲ್ಲಿ ಕುಲವೂ ಹಣವೂ ಕೆಲಸಕ್ಕೆ ಬಾರವು ಎನ್ನುವ ಮಾತು ಇನ್ನೊಂದು. ಬಿಲಾಲನು ಅಬಿಸೀನಿಯ (ಈಗಿನ ಇಥಿಯೋಪಿಯ) ಮೂಲದವನು. ಒಡೆಯನು ಅವನನ್ನು ಸುಡುವ ಮರಳಿನ ಮೇಲೆ ಮಲಗಿಸಿ ಎದೆಯ ಮೇಲೆ ಬಂಡೆಯಿಟ್ಟರೂ ಅವನು ‘ಒಬ್ಬನೇ, ಒಬ್ಬನೇ’ ಎನ್ನುತ್ತಿದ್ದನೆಂದೂ, ಅಬೂಬಕರರು ಅವನನ್ನು ಕೊಂಡು ಬಿಡುಗಡೆ ಮಾಡಿದರೆಂದೂ ಪರಂಪರೆ ಹೇಳುತ್ತದೆ. ಸುಮಾರು 615ರಲ್ಲಿ ಅನುಯಾಯಿಗಳ ಒಂದು ಗುಂಪು ಸಮುದ್ರ ದಾಟಿ ಅಬಿಸೀನಿಯದ ಕ್ರೈಸ್ತ ದೊರೆಯ ಮೊರೆಹೊಕ್ಕಿತು. ಅವರನ್ನು ಹಿಡಿದು ತರಲು ಕುರೈಶರು ಕಾಣಿಕೆಗಳೊಡನೆ ದೂತರನ್ನು ಅಟ್ಟಿದರು. ದೊರೆಯ ಎದುರಿನಲ್ಲಿ ಜಾಫರ್ ಎಂಬಾತನು ಕುರ್‌ಆನಿನಿಂದ ಏಸುವಿನ ತಾಯಿ ಮರಿಯಮಳ ಅಧ್ಯಾಯವನ್ನು ಓದಿದಾಗ ದೊರೆಯ ಕಣ್ಣು ತುಂಬಿತಂತೆ, ಅವರನ್ನು ಒಪ್ಪಿಸಲಾರೆನೆಂದನಂತೆ. ಈ ಪ್ರಸಂಗವನ್ನು ಬಿಡದೆ ಹೇಳು. ಈ ಮತ ಹೊರನಾಡಿನಲ್ಲಿ ಮೊದಲು ಕಾಲಿಟ್ಟದ್ದು ನಿರಾಶ್ರಿತರ ರೂಪದಲ್ಲಿ, ಕ್ರೈಸ್ತ ಅರಸನ ರಕ್ಷಣೆಯಲ್ಲಿ.

619ರಲ್ಲಿ ಖದೀಜಾ ಮತ್ತು ಅಬೂ ತಾಲಿಬರು ತೀರಿಕೊಂಡ ಮೇಲೆ ಮೆಕ್ಕಾದಲ್ಲಿ ನಿಲ್ಲುವುದು ಕಷ್ಟವಾಯಿತು. ತಮ್ಮತಮ್ಮಲ್ಲೇ ಹೊಡೆದಾಡಿ ಸೋತಿದ್ದ ಯಸ್ರಿಬಿನ ಔಸ್ ಮತ್ತು ಖಜ್ರಜ್ ಬುಡಕಟ್ಟುಗಳು ಪೈಗಂಬರರನ್ನು ಪಂಚಾಯ್ತಿಗೆ ಕರೆದವು. 622ರ ಆ ವಲಸೆಯೇ ಹಿಜರತ್, ಆ ಊರೇ ಮದೀನಾ. ಮುಂದೆ ಖಲೀಫ, ಎಂದರೆ ಪೈಗಂಬರರ ನಂತರ ಸಮುದಾಯದ ನಾಯಕ, ಆಗಿದ್ದ ಉಮರರು ಶಕೆಯನ್ನು ಗೊತ್ತುಮಾಡುವಾಗ ಪೈಗಂಬರರ ಜನನದಿಂದಾಗಲಿ ಮೊದಲ ವಾಣಿಯಿಂದಾಗಲಿ ಎಣಿಸದೆ ಈ ವಲಸೆಯ ವರ್ಷದಿಂದ ಎಣಿಸಿದರು, ಏಕೆಂದರೆ ನಂಬಿದವರು ಒಂದು ಸಮುದಾಯವಾಗಿ ತಮ್ಮ ಕಾಲ ಮೇಲೆ ನಿಂತದ್ದು ಆಗಲೇ. ರಂಜಾನ್ ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಮಳೆಗಾಲದಲ್ಲಿ ಬರುವುದೇಕೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ನಮ್ಮ ಪಂಚಾಂಗದಲ್ಲಿ ಅಧಿಕಮಾಸವನ್ನು ಸೇರಿಸಿ ಚಾಂದ್ರಮಾನವನ್ನು ಋತುಗಳಿಗೆ ಹೊಂದಿಸಿಕೊಳ್ಳುತ್ತೇವೆ. ಕುರ್‌ಆನ್ ತಿಂಗಳುಗಳನ್ನು ಹಾಗೆ ಹಿಂದುಮುಂದು ಮಾಡುವುದನ್ನು ನಿಷೇಧಿಸಿತು. ಹೀಗಾಗಿ ಹಿಜರಿ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದು. ಸುಮಾರು 33 ವರ್ಷಕ್ಕೊಮ್ಮೆ ಪ್ರತಿ ತಿಂಗಳೂ ಎಲ್ಲ ಋತುಗಳನ್ನು ಸುತ್ತಿ ಬರುತ್ತದೆ.

ಮದೀನಾದವರಿಗೂ ಕುರೈಶರಿಗೂ ನಡೆದ ಯುದ್ಧಗಳ ಮೇಲೆ ಹೆಚ್ಚು ಹೊತ್ತು ಕಳೆಯಬೇಕಾಗಿಲ್ಲ: 624ರಲ್ಲಿ ಬದ್ರ್, 625ರಲ್ಲಿ ಉಹುದ್, 627ರಲ್ಲಿ ಕಂದಕದ ಯುದ್ಧ, 628ರಲ್ಲಿ ಹುದೈಬಿಯಾ ಒಪ್ಪಂದ. ಮದೀನಾಕ್ಕೆ ಬಂದ ಹೊಸತರಲ್ಲಿ ಯಹೂದಿಗಳನ್ನೂ ಒಳಗೊಂಡು ಊರಿನ ರಕ್ಷಣೆಗೆ ಒಂದು ಕರಾರು ಏರ್ಪಟ್ಟಿತ್ತು. ಆಮೇಲೆ ಆ ಸಂಬಂಧ ಕೆಟ್ಟು, ಎರಡು ಯಹೂದಿ ಬುಡಕಟ್ಟುಗಳನ್ನು ಹೊರಗಟ್ಟಿದ್ದೂ ಮೂರನೆಯದಾದ ಕುರೈಝಾದ ಗಂಡಸರಿಗೆ ಮರಣದಂಡನೆಯಾದದ್ದೂ ಮುಸ್ಲಿಮರೇ ಬರೆದ ಜೀವನಚರಿತ್ರೆಗಳಲ್ಲಿದೆ. ದೊಡ್ಡ ಹುಡುಗರು ಯಾರಾದರೂ ಕೇಳಿದರೆ ಮುಚ್ಚಿಡಬೇಡ. ಹಾಗೆಯೇ 630ರಲ್ಲಿ ಮೆಕ್ಕಾ ಕೈಸೇರಿದಾಗ ಇಪ್ಪತ್ತು ವರ್ಷ ಹಗೆ ಸಾಧಿಸಿದವರಲ್ಲಿ ಕೆಲವರನ್ನು ಬಿಟ್ಟು ಉಳಿದೆಲ್ಲರಿಗೂ ಕ್ಷಮೆ ದೊರೆಯಿತೆಂಬುದನ್ನೂ ಹೇಳು. ಕಾಬಾದ ವಿಗ್ರಹಗಳನ್ನು ತೆಗೆದ ಮೇಲೆ ಅದರ ಮಾಡನ್ನು ಹತ್ತಿ ಅಜಾನ್ ಕೂಗಿದವನು ಅದೇ ಬಿಲಾಲ. ಕುರೈಶರ ಕುಲೀನರಿಗೆ ಆ ದೃಶ್ಯ ನುಂಗಲಾರದ ತುತ್ತಾಗಿತ್ತೆಂದು ಹಳೆಯ ಬರಹಗಳು ಹೇಳುತ್ತವೆ.

632ರಲ್ಲಿ ಪೈಗಂಬರರು ಮದೀನಾದಲ್ಲಿ ತೀರಿಕೊಂಡರು. ಜನ ನಂಬಲಾರದೆ ಗೊಂದಲದಲ್ಲಿದ್ದಾಗ ಅಬೂಬಕರರು, ಮುಹಮ್ಮದರನ್ನು ಪೂಜಿಸುತ್ತಿದ್ದವರು ತಿಳಿಯಲಿ, ಮುಹಮ್ಮದರು ಸತ್ತಿದ್ದಾರೆ. ದೇವರನ್ನು ಪೂಜಿಸುತ್ತಿದ್ದವರು ತಿಳಿಯಲಿ, ದೇವರಿಗೆ ಸಾವಿಲ್ಲ ಎಂದರಂತೆ. ಈ ಧರ್ಮದ ತಿರುಳನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ನನ್ನಿಂದಾಗದು. ದೇವರು ಒಬ್ಬನೇ, ಅವನಿಗೆ ರೂಪವಿಲ್ಲ, ಸಮಾನರಿಲ್ಲ. ಇಬ್ರಾಹಿಂ, ಮೂಸಾ (ಮೋಸೆಸ್), ಈಸಾ (ಏಸು) ಮೊದಲಾದವರ ಸಾಲಿನಲ್ಲಿ ಮುಹಮ್ಮದರು ಕೊನೆಯ ಪ್ರವಾದಿ; ಆದರೆ ಮನುಷ್ಯರೇ. ದೇವದೂತರಲ್ಲಿ, ಹಿಂದಿನ ಗ್ರಂಥಗಳಲ್ಲಿ, ಅಂತಿಮ ತೀರ್ಪಿನ ದಿನದಲ್ಲಿ ನಂಬಿಕೆಯಿಡಬೇಕು. ಆಚರಣೆಯಲ್ಲಿ ನಂಬಿಕೆಯನ್ನು ಬಾಯಿಬಿಟ್ಟು ಹೇಳುವ ಕಲಿಮಾ, ದಿನಕ್ಕೆ ಐದು ಹೊತ್ತಿನ ನಮಾಜ್, ರಂಜಾನಿನ ಉಪವಾಸ, ಝಕಾತ್, ಶಕ್ತಿಯಿದ್ದವರಿಗೆ ಜೀವಮಾನದಲ್ಲೊಮ್ಮೆ ಹಜ್. ಝಕಾತನ್ನು ಭಿಕ್ಷೆಯೆಂದು ಹೇಳಬೇಡ. ಅದು ಲೆಕ್ಕವಿಟ್ಟು ಕೊಡಲೇಬೇಕಾದ ಬಾಕಿ. ಗೊತ್ತಾದ ಮಿತಿಯನ್ನು ಮೀರಿದ ಉಳಿತಾಯ ಒಂದು ವರ್ಷ ಕೈಯಲ್ಲಿ ನಿಂತರೆ ಅದರ ನಲವತ್ತರಲ್ಲಿ ಒಂದು ಪಾಲು, ಎಂದರೆ ಹತ್ತು ಲಕ್ಷ ರೂಪಾಯಿಗೆ ಇಪ್ಪತ್ತೈದು ಸಾವಿರ, ಬಡವರಿಗೆ, ಸಾಲದಲ್ಲಿ ಮುಳುಗಿದವರಿಗೆ, ದಾರಿಹೋಕರಿಗೆ ಸಲ್ಲಬೇಕು.

ಇಷ್ಟೆಲ್ಲ ನಮಗೆ ತಿಳಿದದ್ದು ಹೇಗೆಂದು ಜಾಣ ಮಕ್ಕಳು ಕೇಳಿದರೆ ಸಂತೋಷಪಡು. 114 ಅಧ್ಯಾಯಗಳ ಕುರ್‌ಆನನ್ನು ಮೂರನೆಯ ಖಲೀಫ ಉಸ್ಮಾನರು ಸುಮಾರು 650ರಲ್ಲಿ ಒಂದೇ ಪಾಠಕ್ಕೆ ತಂದು ಪ್ರತಿಗಳನ್ನು ಪಟ್ಟಣಗಳಿಗೆ ಕಳಿಸಿದರು. ಬರ್ಮಿಂಗ್‌ಹ್ಯಾಮಿನಲ್ಲಿರುವ ಕುರ್‌ಆನ್ ಹಾಳೆಗಳ ಚರ್ಮವು 568ರಿಂದ 645ರ ನಡುವಣದ್ದೆಂದು ಇಂಗಾಲದ ಪರೀಕ್ಷೆಯಿಂದ ಗೊತ್ತಾಗಿದೆ. ಆದರೆ ಪೈಗಂಬರರ ಬದುಕಿನ ವಿವರಗಳು ದೊರೆಯುವ ಮೊದಲ ದೊಡ್ಡ ಚರಿತ್ರೆ ಇಬ್ನ್ ಇಸ್‌ಹಾಕನದು. ಅವನು ತೀರಿಕೊಂಡದ್ದು ಸುಮಾರು 767ರಲ್ಲಿ. ಈ ಅಂತರ ನೆನಪಿದ್ದರೆ ‘ಪರಂಪರೆ ಹೇಳುತ್ತದೆ’ ಎಂದು ಎಲ್ಲಿ ಸೇರಿಸಬೇಕೆಂಬುದು ನಿನಗೇ ಹೊಳೆಯುತ್ತದೆ.

ಇನ್ನು ರಾಜ್ಯ ಹರಡಿದ ವಿಷಯ. ಕಾನ್‌ಸ್ಟಾಂಟಿನೋಪಲ್ಲಿನಿಂದ ಆಳುತ್ತಿದ್ದ ಬೈಜಾಂಟಿಯಂ (ಪೂರ್ವ ರೋಮನ್) ಮತ್ತು ಪರ್ಷಿಯ ಸಾಮ್ರಾಜ್ಯಗಳು 602ರಿಂದ 628ರವರೆಗೆ ಕಾದಾಡಿ ಎರಡೂ ಬರಿದಾಗಿದ್ದವು. ಸಿರಿಯಾ ಮತ್ತು ಈಜಿಪ್ಟಿನ ಬಹಳ ಕ್ರೈಸ್ತರಿಗೆ ಕಾನ್‌ಸ್ಟಾಂಟಿನೋಪಲ್ಲಿನ ಚರ್ಚಿನೊಡನೆ ಸಿದ್ಧಾಂತದ ಜಗಳವಿತ್ತು. ಇಂಥ ಹೊತ್ತಿನಲ್ಲಿ ಅರಬರ ಪಡೆಗಳು ಹೊರಟವು. 636ರಲ್ಲಿ ಯರ್ಮೂಕ್ ಕದನದಿಂದ ಸಿರಿಯಾ, 642ರ ಹೊತ್ತಿಗೆ ಈಜಿಪ್ಟ್ ದಕ್ಕಿದವು. 651ರಲ್ಲಿ ಪರ್ಷಿಯದ ಕೊನೆಯ ಸಸಾನಿ ದೊರೆ ಮೆರ್ವ್‌ನಲ್ಲಿ ಕೊಲೆಯಾದನು. 711ರಲ್ಲಿ ಒಂದು ಪಡೆ ಸ್ಪೇನಿಗೆ ಇಳಿಯಿತು, ಅದೇ ಸುಮಾರಿಗೆ ಇನ್ನೊಂದು ಸಿಂಧ್ ಪ್ರಾಂತಕ್ಕೆ ಬಂದಿತು. ಕತ್ತಿಯಿಲ್ಲದೆ ಇದಾಗಲಿಲ್ಲ, ಆಯಿತೆಂದು ಯಾರೂ ಹೇಳಲಾರರು.

ಆದರೆ ಆ ರಾಜ್ಯದ ಒಳಗೆ ಏನಿತ್ತೆಂದು ನೋಡು. ಈಜಿಪ್ಟಿನಲ್ಲಿ ಸಿಕ್ಕ ಒಂದು ಪಪೈರಸ್ ರಸೀದಿ ಈಗ ವಿಯೆನ್ನಾದಲ್ಲಿದೆ. ಹಿಜರಿ 22, ಎಂದರೆ 643ರ ಏಪ್ರಿಲ್‌ನದು. ಅರಬ್ ಸೇನಾನಿಯೊಬ್ಬನು ತನ್ನ ದಂಡಿಗೆಂದು ಊರಿನವರಿಂದ 65 ಕುರಿಗಳನ್ನು ಪಡೆದದ್ದಕ್ಕೆ ಬರೆದುಕೊಟ್ಟ ರಸೀದಿ ಅದು. ಅದರಲ್ಲಿ ಅರಬ್ಬಿ ಮತ್ತು ಗ್ರೀಕ್ ಎರಡೂ ಇವೆ. ಗ್ರೀಕ್ ಭಾಗವನ್ನು ಬರೆದವನು ಒಬ್ಬ ಕ್ರೈಸ್ತ ಡೀಕನ್ (ಚರ್ಚಿನ ಕಿರಿಯ ಪಾದ್ರಿ). ಗೆದ್ದವರು ಬಸ್ರಾ, ಕೂಫಾ, ಫುಸ್ತಾತ್‌ಗಳಂಥ ದಂಡಿನ ಪಟ್ಟಣಗಳಲ್ಲಿ ಬೇರೆಯಾಗಿಯೇ ಇದ್ದರು. ಲೆಕ್ಕಪತ್ರ, ಶ್ಯಾನುಭೋಗಿಕೆ, ಬೇಸಾಯ ಎಲ್ಲವೂ ಹಳೆಯವರ ಕೈಯಲ್ಲೇ ನಡೆದವು. ಮುಸ್ಲಿಮರಲ್ಲದ ಗಂಡಸರು ಜಿಜಿಯಾ ಎಂಬ ತಲೆಗಂದಾಯ ಕೊಟ್ಟು ತಮ್ಮ ಮತದಲ್ಲಿ ಉಳಿಯಬಹುದಾಗಿತ್ತು. ಅದು ರಕ್ಷಣೆಯೂ ಹೌದು, ಕೆಳಗಿನವರೆಂಬ ಗುರುತೂ ಹೌದು, ಎರಡನ್ನೂ ಹೇಳು. ತಮಾಷೆಯೆಂದರೆ, ಜನ ಮತಾಂತರವಾದರೆ ಈ ಕಂದಾಯ ಖೋತಾ ಆಗುವುದರಿಂದ ಅಧಿಕಾರಿಗಳಿಗೇ ಅದು ಬೇಡವಾಗಿತ್ತು. ಇರಾಕಿನ ರಾಜ್ಯಪಾಲ ಅಲ್-ಹಜ್ಜಾಜನು ಇಸ್ಲಾಂ ಸೇರಿ ಪಟ್ಟಣಕ್ಕೆ ಬಂದ ರೈತರನ್ನು ಹಳ್ಳಿಗಳಿಗೆ ಹಿಂದಕ್ಕಟ್ಟಿ ಜಿಜಿಯಾ ವಸೂಲಿ ಮಾಡಿಸಿದನು. 717ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಉಮರ್ ಇದನ್ನು ನಿಲ್ಲಿಸಿದನು. ದೇವರು ಮುಹಮ್ಮದರನ್ನು ಕಳಿಸಿದ್ದು ದಾರಿ ತೋರಿಸಲಿಕ್ಕೇ ಹೊರತು ತೆರಿಗೆ ಎತ್ತಲಿಕ್ಕಲ್ಲ ಎಂದು ಅವನು ಬರೆದನೆಂಬ ಮಾತು ಪ್ರಸಿದ್ಧವಾಗಿದೆ. ಇರಾನಿನಲ್ಲಿ ಮುಸ್ಲಿಮರು ಬಹುಸಂಖ್ಯಾತರಾದದ್ದು ಒಂಬತ್ತು-ಹತ್ತನೆಯ ಶತಮಾನಗಳಲ್ಲಿ, ಈಜಿಪ್ಟಿನಲ್ಲಿ ಇನ್ನೂ ತಡವಾಗಿ ಎಂಬುದು ಬಹುಪಾಲು ಇತಿಹಾಸಕಾರರ ಅಂದಾಜು. ವ್ಯಾಪಾರ, ಮದುವೆ, ನೌಕರಿಯ ಆಸೆ, ತೆರಿಗೆಯ ಭಾರ, ಸಂತರ ಮಾತು, ನಿಜವಾದ ನಂಬಿಕೆ ಎಲ್ಲವೂ ಅದರಲ್ಲಿ ಸೇರಿದ್ದವು.

ಖಲೀಫರ ಪಟ್ಟಕ್ಕಾಗಿ ನಡೆದ ಒಳಜಗಳವನ್ನು ಒಂದೆರಡು ಮಾತಿನಲ್ಲಿ ಮುಗಿಸಬಹುದು, 680ರಲ್ಲಿ ಇರಾಕಿನ ಕರ್ಬಲಾದಲ್ಲಿ ನಡೆದ ಕದನವನ್ನು ಮಾತ್ರ ಬಿಡಬೇಡ. ಪೈಗಂಬರರ ಮೊಮ್ಮಗ ಹುಸೇನರು ಅಲ್ಲಿ ಬಾಯಾರಿ ಮಡಿದ ಕಥೆ ನಮ್ಮ ಉತ್ತರ ಕರ್ನಾಟಕದಲ್ಲಿ ಮೊಹರಂ ಪದಗಳಾಗಿದೆ. ಮುದಗಲ್ಲಿನ ಮೊಹರಮ್ಮಿಗೆ ಹಿಂದೂಗಳೂ ಹರಕೆ ಹೊತ್ತು ಬರುತ್ತಾರೆ.

ನಮ್ಮ ನಾಡಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿಯನ್ನು ಬರೆದು ಮುಗಿಸುತ್ತೇನೆ. ಪಠ್ಯದಲ್ಲಿ ಇದಿಲ್ಲದಿದ್ದರೂ ಹೇಳು. ಸಿಂಧ್‌ಗೆ ದಂಡು ಬಂದಿತು, ನಮ್ಮ ಪಶ್ಚಿಮ ಕರಾವಳಿಗೆ ಬಂದದ್ದು ಹಡಗು. ಅಮೋಘವರ್ಷ ನೃಪತುಂಗನು ಮಾನ್ಯಖೇಟದಿಂದ ಆಳುತ್ತಿದ್ದ ಕಾಲದಲ್ಲಿ, 851ರ ಒಂದು ಅರಬ್ಬಿ ಬರಹವು ರಾಷ್ಟ್ರಕೂಟ ದೊರೆಯನ್ನು ‘ಬಲ್ಹರ’ನೆಂದು ಕರೆದು, ಅರಬರ ಖಲೀಫ, ಚೀನಾದ ಚಕ್ರವರ್ತಿ, ರೋಮನ್ ಚಕ್ರವರ್ತಿಗಳ ಸಾಲಿನಲ್ಲಿ ಕೂರಿಸುತ್ತದೆ, ಅರಬರ ಮೇಲೆ ಅವನಷ್ಟು ವಿಶ್ವಾಸವಿಟ್ಟ ಅರಸ ಬೇರೊಬ್ಬನಿಲ್ಲವೆನ್ನುತ್ತದೆ. ಅದು ಬರಿಯ ಹೊಗಳಿಕೆಯಲ್ಲವೆಂಬುದಕ್ಕೆ ಮೂರನೆಯ ಇಂದ್ರನ ಕಾಲದ, 926ರ ಚಿಂಚಣಿ ತಾಮ್ರಶಾಸನವಿದೆ. ಈಗಿನ ಗುಜರಾತಿನ ಕರಾವಳಿಯ ಸಂಜಾನ್ ಪ್ರಾಂತವನ್ನು ರಾಷ್ಟ್ರಕೂಟರ ಪರವಾಗಿ ಆಳುತ್ತಿದ್ದವನು ಒಬ್ಬ ಅರಬ. ಶಾಸನ ಅವನನ್ನು ತಾಜಿಕನೆಂದು ಕರೆಯುತ್ತದೆ, ಮುಹಮ್ಮದ್ ಎಂಬ ಅವನ ಹೆಸರನ್ನು ಸಂಸ್ಕೃತದಲ್ಲಿ ‘ಮಧುಮತಿ’ ಎಂದು ಬರೆದಿದೆ. ಆ ಶಾಸನದಲ್ಲಿರುವುದು ಆತನ ಆಳ್ವಿಕೆಯಲ್ಲಿ ಅಲ್ಲಿನ ಒಂದು ಮಠಕ್ಕೆ ಬಿಟ್ಟ ದತ್ತಿಯ ವಿವರ.

ಪಾಠ ಮುಗಿದ ಮೇಲೆ ಮಕ್ಕಳು ಏನೇನು ಕೇಳಿದರೆಂದು ವಿವರವಾಗಿ ಬರೆ. ದೊಡ್ಡಮ್ಮ ನಿನಗೆ ಆಶೀರ್ವಾದ ತಿಳಿಸಿದ್ದಾಳೆ.

ಇತಿ ನಿನ್ನ ದೊಡ್ಡಪ್ಪ